ಬೆಲೆಂ ಗೋಪುರದ ಖಡ್ಗಮೃಗ: ಮಕ್ಕಳೊಡನೆ ಲಿಸ್ಬನ್ ನಗರವನ್ನು ನೋಡುವ ಬಗೆ

ಯುರೋಪಿನ ಪಶ್ಚಿಮದ ಅಂಚಿನಲ್ಲಿ, ತೇಜೊ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ದಂಡೆಯ ಮೇಲೆ ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ ಇದೆ. ಏಳು ಗುಡ್ಡಗಳ ನಗರವೆಂದು ಅದರ ಪ್ರಸಿದ್ಧಿ. ಭಾರತದ ಪಶ್ಚಿಮ ಕರಾವಳಿಯ ಚರಿತ್ರೆಯನ್ನು ಓದಿದವರಿಗೆ ಈ ಊರು ತೀರ ಅಪರಿಚಿತವಲ್ಲ. ವಾಸ್ಕೊ ಡ ಗಾಮ 1497ರ ಜುಲೈ 8ರಂದು ಹಡಗು ಏರಿದ್ದು ಇಲ್ಲಿಂದಲೇ. ಮರುವರ್ಷ ಕಲ್ಲಿಕೋಟೆಯನ್ನು ಕಂಡು ಹಿಂದಿರುಗುವ ಮುನ್ನ ಅವನು ತನ್ನ ಹಡಗುಗಳನ್ನು ದುರಸ್ತಿ ಮಾಡಿಕೊಂಡದ್ದು ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ. ಆ ಪಯಣದಿಂದ ಹರಿದುಬಂದ ಸಂಪತ್ತು ಲಿಸ್ಬನ್ನಿನ ಕಲ್ಲುಕಟ್ಟಡಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ.

ಇಂತಹ ನಗರಕ್ಕೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳಿಗೆ ಒಂದು ತೊಡಕು ಎದುರಾಗುತ್ತದೆ. ಅರಸರ ಹೆಸರು, ಆಳ್ವಿಕೆಯ ವರ್ಷ, ವಾಸ್ತುಶೈಲಿಯ ಲಕ್ಷಣ ಇವು ಎಂಟು ಹತ್ತು ವರ್ಷದ ಮಗುವಿಗೆ ಬೇಗ ಬೇಸರ ತರಿಸುತ್ತವೆ. ಆದ್ದರಿಂದ ಹಿರಿಯರು ಚರಿತ್ರೆಯ ತಾಣಗಳನ್ನು ತಮಗೂ, ಟ್ರಾಮು, ಮತ್ಸ್ಯಾಲಯ, ಸಿಹಿತಿಂಡಿಗಳನ್ನು ಮಕ್ಕಳಿಗೂ ಎಂದು ಹಂಚಿಬಿಡುತ್ತಾರೆ. ಈ ವಿಂಗಡಣೆಗೆ ಲಿಸ್ಬನ್ನಿನಲ್ಲಿ ಅಗತ್ಯವಿಲ್ಲ. ಆ ಊರಿನ ಕಲ್ಲುಗಳ ಮೇಲೆ ಖಡ್ಗಮೃಗವಿದೆ, ಆನೆಗಳಿವೆ, ಕಾಗೆಗಳಿವೆ. ಕೋಟೆಯ ತೋಟದಲ್ಲಿ ಜೀವಂತ ನವಿಲುಗಳಿವೆ. ಮಕ್ಕಳ ಕಣ್ಣು ಮೊದಲು ಹೋಗುವುದು ಅವುಗಳ ಕಡೆಗೆ. ಆ ಪ್ರಾಣಿಗಳು ಅಲ್ಲಿಗೆ ಬಂದ ಬಗೆಯನ್ನು ಕೇಳುತ್ತ ಹೋದರೆ ಕರಿಮೆಣಸಿನ ವ್ಯಾಪಾರ, ಅರಸರ ಕಾಣಿಕೆ, ಗುಲಾಮಗಿರಿ, ಭೂಕಂಪ ಎಲ್ಲವೂ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಅರಸರ ಪಟ್ಟಿಯು ಹೇಳದೆ ಬಿಡುವ ಸಂಗತಿಗಳೂ ಆ ದಾರಿಯಲ್ಲಿ ಸಿಗುತ್ತವೆ.

ಗೋಪುರದ ಬುಡದ ಪ್ರಾಣಿ

ನಗರದ ನಡುಭಾಗದಿಂದ ಸುಮಾರು 6 ಕಿಲೋಮೀಟರ್ ಪಶ್ಚಿಮಕ್ಕೆ ಬೆಲೆಂ ಎಂಬ ಪ್ರದೇಶವಿದೆ. ನದಿಯ ಅಂಚಿನಲ್ಲಿ, ಅರ್ಧ ನೀರಿನೊಳಗೆ ಇಳಿದಂತೆ ನಿಂತಿರುವ ಬೆಲೆಂ ಗೋಪುರ ಅಲ್ಲಿನ ಮುಖ್ಯ ಆಕರ್ಷಣೆ. ಒಂದನೆಯ ಮನುಯೆಲ್ ಅರಸನ ಕಾಲದಲ್ಲಿ, 1514ರ ಹೊತ್ತಿಗೆ ಆರಂಭವಾದ ಈ ಕಾವಲುಕಟ್ಟಡವನ್ನು ಫ್ರಾನ್ಸಿಸ್ಕೊ ದೆ ಅರ್ರೂಡ ಎಂಬ ಶಿಲ್ಪಾಚಾರ್ಯ ನಿರ್ಮಿಸಿದನು. ಗೋಡೆಗಳ ಮೇಲೆ ಕಲ್ಲಿನಲ್ಲೇ ಕಡೆದ ಹಗ್ಗಗಳು, ಗಂಟುಗಳು, ಶಿಲುಬೆಯ ಗುರಾಣಿಗಳು ಇವೆ. ಮೂಲೆಗಳಲ್ಲಿ ಸಣ್ಣ ಗುಮ್ಮಟಗಳುಳ್ಳ ಕಾವಲುಗೂಡುಗಳಿವೆ. ವಾಯವ್ಯ ದಿಕ್ಕಿನ ಕಾವಲುಗೂಡಿನ ಬುಡವನ್ನು ಕೆಳಗಿನಿಂದ ಗಮನವಿಟ್ಟು ನೋಡಿದರೆ ಒಂದು ಪ್ರಾಣಿಯ ತಲೆ ಮತ್ತು ಮುಂಭಾಗ ಕಾಣಿಸುತ್ತದೆ. ಐದು ಶತಮಾನಗಳ ಗಾಳಿ ಮತ್ತು ಉಪ್ಪುನೀರಿಗೆ ಅದು ಸವೆದಿದೆ. ಹುಡುಕಿ ಗುರುತಿಸುವುದೇ ಮಕ್ಕಳಿಗೆ ಒಂದು ಆಟ. ಅದು ಖಡ್ಗಮೃಗ.

ಅದು ಕಟ್ಟುಕಥೆಯ ಪ್ರಾಣಿಯಲ್ಲ. ಗೋವೆಯ ಪೋರ್ಚುಗೀಸ್ ಅಧಿಪತಿಯಾಗಿದ್ದ ಅಫೋನ್ಸೊ ದೆ ಆಲ್ಬುಕರ್ಕ್ 1514ರಲ್ಲಿ ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಾಹನ ಬಳಿಗೆ ದೂತರನ್ನು ಕಳುಹಿಸಿದನು. ದೀವ್ ದ್ವೀಪದಲ್ಲಿ ಕೋಟೆ ಕಟ್ಟಲು ಅನುಮತಿ ಬೇಕೆಂಬುದು ಕೋರಿಕೆ. ಸುಲ್ತಾನನು ಒಪ್ಪಲಿಲ್ಲ, ಆದರೆ ರಾಜಮರ್ಯಾದೆಯಂತೆ ಕಾಣಿಕೆಗಳನ್ನು ಕೊಟ್ಟು ಕಳುಹಿಸಿದನು. ಆ ಕಾಣಿಕೆಗಳಲ್ಲಿ ಜೀವಂತ ಖಡ್ಗಮೃಗವೊಂದಿತ್ತು. ಆಲ್ಬುಕರ್ಕ್ ಅದನ್ನು ತನ್ನ ಅರಸನಿಗೆ ಅರ್ಪಿಸಲು ನಿಶ್ಚಯಿಸಿದನು. 1515ರ ಜನವರಿಯಲ್ಲಿ ಗೋವೆಯಿಂದ ಹಡಗೇರಿದ ಪ್ರಾಣಿಯು ಆಫ್ರಿಕಾ ಖಂಡವನ್ನು ಬಳಸಿಕೊಂಡು ಮೇ 20ರಂದು ಲಿಸ್ಬನ್ನಿಗೆ ತಲುಪಿತು. ಅದರ ಜೊತೆಗೆ ಪೋರ್ಚುಗೀಸ್ ಬರಹಗಳಲ್ಲಿ ‘ಓಸೆಂ’ ಎಂದು ಹೆಸರಿಸಲಾದ ಭಾರತೀಯ ಪಾಲಕನೂ ಇದ್ದನು. ರೋಮನ್ ಸಾಮ್ರಾಜ್ಯದ ಕಾಲದ ಬಳಿಕ, ಸಾವಿರ ವರ್ಷಗಳಿಗೂ ಮಿಗಿಲಾದ ಅವಧಿಯಲ್ಲಿ, ಯುರೋಪು ಕಂಡ ಮೊದಲ ಜೀವಂತ ಖಡ್ಗಮೃಗ ಅದು. ಗುಜರಾತಿನವರು ಕರೆಯುತ್ತಿದ್ದ ಹೆಸರನ್ನೇ ಹಿಡಿದು ಪೋರ್ಚುಗೀಸರು ಅದನ್ನು ‘ಗಂಡ’ ಎಂದರು. ಸಂಸ್ಕೃತದ ‘ಗಂಡಕ’, ನಮ್ಮ ‘ಗೇಂಡಾಮೃಗ’ ಇವೆಲ್ಲ ಒಂದೇ ಬುಡದ ಮಾತುಗಳು.

ಜೈನ ಮನೆತನದ ಮಗುವಿಗೆ ಈ ಪ್ರಾಣಿ ಬೇರೊಂದು ಕಡೆಯಿಂದ ಪರಿಚಿತ. ಹನ್ನೊಂದನೆಯ ತೀರ್ಥಂಕರನಾದ ಶ್ರೇಯಾಂಸನಾಥನ ಲಾಂಛನ ಖಡ್ಗಮೃಗ. ವಾರಾಣಸಿಯ ಬಳಿಯ ಸಾರನಾಥವನ್ನು, ಅಂದರೆ ಸಿಂಹಪುರಿಯನ್ನು, ಆತನ ಜನ್ಮಸ್ಥಳವೆಂದು ನಂಬುತ್ತಾರೆ. ಜಿನಬಿಂಬದ ಪೀಠದ ನಡುವೆ ಕಿರಿದಾಗಿ ಕಡೆದ ಆ ಮೃಗವನ್ನು ನೋಡಿಯೇ ಇದು ಯಾರ ಬಿಂಬವೆಂದು ಗುರುತಿಸುವುದು ರೂಢಿ. ಕಲ್ಪಸೂತ್ರವು ಮಹಾವೀರನ ಏಕಾಕಿ ಚರ್ಯೆಗೆ ಖಡ್ಗಮೃಗದ ಒಂಟಿಕೊಂಬನ್ನೇ ಉಪಮೆಯಾಗಿ ತರುತ್ತದೆ. ಹೀಗೆ ಒಂದು ಪರಂಪರೆಯಲ್ಲಿ ತೀರ್ಥಂಕರನ ಪಾದದ ಬಳಿ ನೆಲೆಗೊಂಡ ಮೃಗವು ಇನ್ನೊಂದೆಡೆ ಅರಸನ ಗೋಪುರವನ್ನು ಹೊತ್ತಿದೆ. ಎರಡೂ ಕಲ್ಲಿನವೇ. ಎರಡರ ಹಿಂದಿರುವ ಭಾವಗಳ ಅಂತರವನ್ನು ಮಗುವಿಗೆ ತಿಳಿಸಲು ನಗರದ ಇನ್ನೊಂದು ತಾಣಕ್ಕೆ ಹೋಗಬೇಕು.

ಅರಮನೆಯ ಅಂಗಳದ ಕಾಳಗ

ಲಿಸ್ಬನ್ನಿನ ನಡುಭಾಗದಲ್ಲಿ ನದಿಗೆ ಮುಖಮಾಡಿದ ವಿಶಾಲ ಚೌಕವೊಂದಿದೆ. ಅದರ ಈಗಿನ ಹೆಸರು ವಾಣಿಜ್ಯ ಚೌಕ. ಆದರೂ ಊರಿನವರ ಬಾಯಲ್ಲಿ ಅದು ಇಂದಿಗೂ ‘ತೆರೆಯ್ರು ದು ಪಾಸು’, ಎಂದರೆ ಅರಮನೆಯ ಅಂಗಳ. ಹಳದಿ ಬಣ್ಣದ ಕಟ್ಟಡಗಳು ಮೂರು ಕಡೆ ಸುತ್ತುವರಿದಿರುವ ಈ ಬಯಲಿನಲ್ಲಿ ಮಕ್ಕಳು ಭಯವಿಲ್ಲದೆ ಓಡಾಡಬಹುದು. ಮೆಟ್ಟಿಲಿಳಿದು ತೇಜೊ ನದಿಯ ನೀರಿನ ಹತ್ತಿರ ಹೋಗಬಹುದು. ಮನುಯೆಲ್ ಅರಸನ ರಿಬೇರ ಅರಮನೆ ಇಲ್ಲಿತ್ತು. ಪೂರ್ವದೇಶಗಳ ವ್ಯಾಪಾರವನ್ನು ನಡೆಸುತ್ತಿದ್ದ ‘ಇಂಡಿಯಾ ಮನೆ’ ಎಂಬ ಕಚೇರಿಯೂ ಅದಕ್ಕೆ ಹೊಂದಿಕೊಂಡೇ ಇತ್ತು.

1515ರ ಜೂನ್ 3ರಂದು ಇಲ್ಲಿ ಒಂದು ಕಾಳಗವನ್ನು ಏರ್ಪಡಿಸಲಾಯಿತು. ಆನೆಗೂ ಖಡ್ಗಮೃಗಕ್ಕೂ ಹುಟ್ಟಿನಿಂದಲೇ ವೈರವೆಂದು ರೋಮನ್ ಲೇಖಕ ಪ್ಲೀನಿ ಬರೆದಿದ್ದನು. ಆ ಮಾತು ನಿಜವೇ ಎಂದು ಪರೀಕ್ಷಿಸುವುದು ಅರಸನ ಅಪೇಕ್ಷೆ. ಅರಸನ ಬಳಿ ಭಾರತದಿಂದ ತರಿಸಿದ ಆನೆಗಳಿದ್ದವು. ಅವುಗಳಲ್ಲಿ ಎಳೆಯದೊಂದನ್ನು ಆರಿಸಿ ಅಂಗಳಕ್ಕೆ ತಂದರು. ಖಡ್ಗಮೃಗವನ್ನು ಎದುರಿಗೆ ಬಿಟ್ಟರು. ಸುತ್ತ ಜನಜಂಗುಳಿ, ಗದ್ದಲ. ಖಡ್ಗಮೃಗವು ನಿಧಾನವಾಗಿ ಮುಂದೆ ಬಂದಿತು. ಒಂದು ಪೆಟ್ಟೂ ಬೀಳುವ ಮೊದಲೇ ಆನೆಯು ಬೆದರಿ ಓಡಿಹೋಯಿತು. ಖಡ್ಗಮೃಗ ಗೆದ್ದಿತೆಂದು ನೆರೆದವರು ತೀರ್ಮಾನಿಸಿದರು.

ಮಕ್ಕಳಿಗೆ ಈ ಕಥೆ ಹೇಳಿದಾಗ ಅವರು ಕೇಳುವ ಪ್ರಶ್ನೆ ಸರಳ: ಅವೆರಡಕ್ಕೂ ಜಗಳವೇಕೆ? ಅದಕ್ಕೆ ಉತ್ತರವೂ ಸರಳ: ಅವುಗಳಿಗೆ ಜಗಳವಿರಲಿಲ್ಲ; ಜಗಳ ಬೇಕಾಗಿದ್ದುದು ನೋಡುವವರಿಗೆ. ಎಳೆಯ ಆನೆಯೊಂದು ಗದ್ದಲಕ್ಕೂ ಅಪರಿಚಿತ ಪ್ರಾಣಿಗೂ ಹೆದರಿ ತನ್ನ ಲಾಯದ ಕಡೆ ಓಡುವುದು ಸಹಜ. ಅದರಿಂದ ಪ್ಲೀನಿಯ ಮಾತು ಸಿದ್ಧವಾಗುವುದಿಲ್ಲ. ಜೈನ ಪುರಾಣಗಳಲ್ಲಿ ಬರುವ ಸಮವಸರಣದ ವರ್ಣನೆಯನ್ನು ಇಲ್ಲಿ ನೆನೆಯಬಹುದು. ತೀರ್ಥಂಕರನ ದಿವ್ಯಧ್ವನಿಯನ್ನು ಕೇಳಲು ನೆರೆದ ಆ ಸಭೆಯಲ್ಲಿ ಸಿಂಹವೂ ಹಸುವೂ, ಹಾವೂ ಮುಂಗುಲಿಯೂ ಜಾತಿವೈರವನ್ನು ಮರೆತು ಅಕ್ಕಪಕ್ಕದಲ್ಲಿ ಕೂರುತ್ತವೆ. ಆನೆಯು ಎರಡನೆಯ ತೀರ್ಥಂಕರ ಅಜಿತನಾಥನ ಲಾಂಛನ. ಅಜಿತನಾಥ ಮತ್ತು ಶ್ರೇಯಾಂಸನಾಥರ ಬಿಂಬಗಳು ಒಂದೇ ಸಾಲಿನಲ್ಲಿರುವ ಚತುರ್ವಿಂಶತಿ ಫಲಕಗಳು ನಮ್ಮ ಬಸದಿಗಳಲ್ಲಿ ಹಲವು. ಇರುವ ವೈರವೂ ಅಳಿಯುವ ಸ್ಥಳವನ್ನು ಒಂದು ಕಲ್ಪನೆ ಕಟ್ಟಿತು. ಇಲ್ಲದ ವೈರವನ್ನು ಹುಟ್ಟಿಸುವ ಅಂಗಳವನ್ನು ಇನ್ನೊಂದು ಕಟ್ಟಿತು. ಇಷ್ಟನ್ನು ತಿಳಿಯಲು ಹತ್ತು ವರ್ಷದ ಬುದ್ಧಿ ಸಾಕು.

ಆ ಅರಮನೆಯ ಕುರುಹು ಈಗ ನೆಲದ ಮೇಲೆ ಉಳಿದಿಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ ಘೋರ ಭೂಕಂಪವಾಯಿತು. ಬೆನ್ನಿಗೇ ಸಮುದ್ರದ ನೀರು ನದಿಯ ಮೂಲಕ ಏರಿಬಂದಿತು. ಬಳಿಕ ದಿನಗಟ್ಟಲೆ ಬೆಂಕಿ ಉರಿಯಿತು. ಅರಮನೆ, ಅದರ ಗ್ರಂಥಭಂಡಾರ, ವ್ಯಾಪಾರದ ದಾಖಲೆಗಳು ಎಲ್ಲವೂ ನಾಶವಾದವು. ಈಗಿನ ಚೌಕವು ಅನಂತರದ ನಿರ್ಮಾಣ. ಅದರ ನಡುವೆ ಜೋಸೆ ಅರಸನ ಅಶ್ವಾರೂಢ ಪ್ರತಿಮೆಯಿದೆ. ಮಷಾದು ದೆ ಕಾಸ್ತ್ರು ಎಂಬ ಶಿಲ್ಪಿಯ ಕೃತಿಯಾದ ಇದು 1775ರಲ್ಲಿ ಅನಾವರಣಗೊಂಡಿತು. ಪೀಠದ ಒಂದು ಪಕ್ಕದಲ್ಲಿ ಕುದುರೆಯನ್ನೂ, ಇನ್ನೊಂದು ಪಕ್ಕದಲ್ಲಿ ಆನೆಯನ್ನೂ ಕಡೆಯಲಾಗಿದೆ. ಎಳೆಯ ಆನೆಯೊಂದು ಬೆದರಿ ಓಡಿದ ಅದೇ ಬಯಲಿನಲ್ಲಿ, 260 ವರ್ಷಗಳ ತರುವಾಯ, ಕೀರ್ತಿಯ ಸಂಕೇತವಾಗಿ ಆನೆ ನಿಂತಿತು.

ಚೌಕದ ಕಮಾನನ್ನು ದಾಟಿ ನೇರ ಬೀದಿಯಲ್ಲಿ ನಡೆದರೆ ಕಾಲು ಗಂಟೆಯೊಳಗೆ ರೊಸಿಯು ಚೌಕ ಸಿಗುತ್ತದೆ. ಕಪ್ಪುಬಿಳಿ ಕಲ್ಲುಗಳನ್ನು ಅಲೆಯಂತೆ ಹಾಸಿದ ಅಲ್ಲಿನ ನೆಲ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಮಳೆ ಬಂದರೆ ಜಾರುತ್ತದೆ, ಎಚ್ಚರ ಬೇಕು. ಚೌಕದ ಉತ್ತರಕ್ಕೆ ಈಗ ರಾಷ್ಟ್ರೀಯ ರಂಗಮಂದಿರವಿರುವ ಜಾಗದಲ್ಲಿ ಎಸ್ತಾವುಸ್ ಎಂಬ ಅರಮನೆಯಿತ್ತು. ಅರಸನ ಆನೆಗಳ ಲಾಯವಿದ್ದುದು ಅಲ್ಲಿ. ನದಿಯಂಚಿನ ಅಂಗಳದಿಂದ ಈ ಲಾಯದವರೆಗೆ ನಡೆದುನೋಡಿದರೆ ಆ ದಿನದ ಘಟನೆಯ ಅಳತೆ ಮಗುವಿನ ಕಾಲಿಗೇ ತಿಳಿಯುತ್ತದೆ. ರೊಸಿಯು ಚೌಕದ ಪಕ್ಕದ ಗುಡ್ಡದ ಮೇಲೆ ಕಾರ್ಮು ಮಠದ ಅವಶೇಷವಿದೆ. ಭೂಕಂಪದಲ್ಲಿ ಛಾವಣಿ ಕುಸಿದ ಆ ದೇವಾಲಯದ ಕಮಾನುಗಳನ್ನು ಹಾಗೆಯೇ ಉಳಿಸಿದ್ದಾರೆ. ಆಕಾಶವೇ ಮೇಲ್ಛಾವಣಿಯಾದ ಆ ಅಂಗಳದಲ್ಲಿ ಭೂಕಂಪವೆಂದರೇನೆಂದು ಬೇರೆ ವಿವರಣೆ ಬೇಡ.

ನೋಡದೆ ಬರೆದ ಚಿತ್ರ

ಖಡ್ಗಮೃಗದ ಕಥೆ ಕಾಳಗದಲ್ಲಿ ಮುಗಿಯಲಿಲ್ಲ. ಲಿಸ್ಬನ್ನಿನಲ್ಲಿದ್ದ ಮುದ್ರಕ ವ್ಯಾಲೆಂಟಿಂ ಫರ್ನಾಂಡಿಸ್ ಆ ಪ್ರಾಣಿಯನ್ನು ವರ್ಣಿಸಿ ಜರ್ಮನಿಯ ನ್ಯೂರೆಂಬರ್ಗ್ ನಗರಕ್ಕೆ ಪತ್ರ ಬರೆದನು. ಆ ನಗರದವನೇ ಆದ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಪ್ರಾಣಿಯನ್ನು ಕಣ್ಣಾರೆ ಕಾಣಲೇ ಇಲ್ಲ. ಲಿಸ್ಬನ್ನಿನಿಂದ ಬಂದ ವರ್ಣನೆ ಮತ್ತು ರೇಖಾಚಿತ್ರವನ್ನು ಆಧರಿಸಿ 1515ರಲ್ಲಿ ಮರದಚ್ಚಿನ ಚಿತ್ರವನ್ನು ರಚಿಸಿದನು. ಮೈಮೇಲೆ ಯೋಧನ ಕವಚದಂತಹ ಫಲಕಗಳು, ಕಾಲುಗಳಲ್ಲಿ ಹುರುಪೆ, ಹೆಗಲ ಮೇಲೆ ಇಲ್ಲದ ಇನ್ನೊಂದು ಸಣ್ಣ ಕೊಂಬು! ಪ್ರಾಣಿಯು ಬಂದ ವರ್ಷವನ್ನೂ ಚಿತ್ರದ ಮೇಲಿನ ಬರಹವು 1513 ಎಂದು ತಪ್ಪಾಗಿ ಹೇಳುತ್ತದೆ. ಆದರೂ ಆ ಚಿತ್ರದ ಅಸಂಖ್ಯ ಪ್ರತಿಗಳು ಹರಡಿ, ಹದಿನೆಂಟನೆಯ ಶತಮಾನದವರೆಗೂ ಯುರೋಪಿನ ಪುಸ್ತಕಗಳಲ್ಲಿ ಖಡ್ಗಮೃಗವೆಂದರೆ ಹಾಗೆಯೇ ಎಂಬ ನಂಬಿಕೆ ನಿಂತಿತು. ಡ್ಯೂರರನ ಚಿತ್ರದ ಪ್ರತಿಯೊಂದನ್ನು ಜೊತೆಗೆ ಒಯ್ದು, ನಿಜವಾದ ಖಡ್ಗಮೃಗದ ಛಾಯಾಚಿತ್ರದೊಡನೆ ಹೋಲಿಸಿ, ತಪ್ಪುಗಳನ್ನು ಎಣಿಸಲು ಮಕ್ಕಳಿಗೆ ಹೇಳಬಹುದು. ಕೇಳಿದ ಮಾತಿಗೂ ಕಂಡ ಸತ್ಯಕ್ಕೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಅಪರೂಪ.

ಪ್ರಾಣಿಯ ಕೊನೆ ದುಃಖದ್ದು. ಮನುಯೆಲ್ ಅರಸನು ಅದಕ್ಕೂ ಮೊದಲು, 1514ರಲ್ಲಿ, ರೋಮಿನ ಹತ್ತನೆಯ ಲಿಯೊ ಪೋಪನಿಗೆ ‘ಹನ್ನೊ’ ಎಂಬ ಭಾರತೀಯ ಆನೆಯನ್ನು ಕಾಣಿಕೆಯಾಗಿ ಕಳುಹಿಸಿ ಮೆಚ್ಚುಗೆ ಗಳಿಸಿದ್ದನು. ಈಗ ಖಡ್ಗಮೃಗವನ್ನೂ ಕಳುಹಿಸಲು ಬಯಸಿದನು. 1515ರ ಡಿಸೆಂಬರಿನಲ್ಲಿ ಅದಕ್ಕೆ ಹೂಗಳಿಂದ ಅಲಂಕರಿಸಿದ ಹಸಿರು ಮಖಮಲ್ಲಿನ ಕೊರಳಪಟ್ಟಿ ತೊಡಿಸಿ ಹಡಗೇರಿಸಿದರು. ಮಾರ್ಸೇ ಬಂದರಿನ ಬಳಿ ಫ್ರಾನ್ಸಿನ ಅರಸನೂ ಅದನ್ನು ನೋಡಿದನು. 1516ರ ಆರಂಭದಲ್ಲಿ ಇಟಲಿಯ ಪೋರ್ತೊ ವೆನೆರೆಯ ಹತ್ತಿರ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಖಡ್ಗಮೃಗಕ್ಕೆ ಈಜು ಬರುತ್ತದೆ. ಆದರೆ ಅದನ್ನು ಹಡಗಿನ ಅಟ್ಟಕ್ಕೆ ಸರಪಳಿಯಿಂದ ಬಿಗಿದಿದ್ದರು. ಅದು ನೀರಿನಲ್ಲಿ ಮುಳುಗಿ ಸತ್ತಿತು. ರೋಮಿನಲ್ಲಿದ್ದ ಆನೆ ಹನ್ನೊ ಅದೇ ವರ್ಷದ ಜೂನ್ ತಿಂಗಳಲ್ಲಿ ತೀರಿಕೊಂಡಿತು. ಬೆಲೆಂ ಗೋಪುರದ ಕೆಲಸ ಆಗಿನ್ನೂ ನಡೆಯುತ್ತಿತ್ತು. ಸತ್ತ ಪ್ರಾಣಿ ಕಲ್ಲಾಗಿ ಉಳಿಯಿತು.

ಸಮಾಧಿ ಹೊತ್ತ ಆನೆಗಳು

ಬೆಲೆಂ ಗೋಪುರದಿಂದ ಸ್ವಲ್ಪ ದೂರದಲ್ಲಿ ಜೆರೋನಿಮೋಸ್ ಮಠವಿದೆ. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ಆರಂಭವಾದ ಇದರ ನಿರ್ಮಾಣ ಪೂರ್ಣಗೊಳ್ಳಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಆಫ್ರಿಕಾ ಮತ್ತು ಪೂರ್ವದೇಶಗಳ ವಾಣಿಜ್ಯದ ಮೇಲೆ ವಿಧಿಸಿದ ಇಪ್ಪತ್ತರಲ್ಲೊಂದು ಪಾಲಿನ ಸುಂಕವು ಇದರ ವೆಚ್ಚಕ್ಕೆ ಸಂದಿತು. 1983ರಲ್ಲಿ ಯುನೆಸ್ಕೊ ಈ ಮಠವನ್ನೂ ಗೋಪುರವನ್ನೂ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೇವಾಲಯದೊಳಗೆ ತಾಳೆಮರಗಳಂತೆ ಮೇಲೆದ್ದು ಹರಡಿಕೊಳ್ಳುವ ತೆಳ್ಳನೆಯ ಕಂಬಗಳಿವೆ. ಬಾಗಿಲ ಬಳಿಯೇ ವಾಸ್ಕೊ ಡ ಗಾಮನ ಮತ್ತು ಕವಿ ಕಮೋಯೆಂಶನ ಸಮಾಧಿಗಳು. ಇವು ಹತ್ತೊಂಬತ್ತನೆಯ ಶತಮಾನದ ರಚನೆಗಳು. ಮುಂದೆ ಸಾಗಿ ಪ್ರಧಾನ ಗರ್ಭಗೃಹವನ್ನು ನೋಡಿದರೆ ಮಕ್ಕಳ ಕಣ್ಣು ಅರಳುತ್ತದೆ. ಮನುಯೆಲ್ ಅರಸ ಮತ್ತು ಅವನ ಮಗ ಮೂರನೆಯ ಜುವಾಂವ್, ಅವರ ರಾಣಿಯರು, ಇವರ ಶವಪೆಟ್ಟಿಗೆಗಳನ್ನು ಅಮೃತಶಿಲೆಯ ಆನೆಗಳು ಬೆನ್ನಮೇಲೆ ಹೊತ್ತಿವೆ.

ಈ ಗರ್ಭಗೃಹ 1572ರ ಹೊತ್ತಿಗೆ ಹೊಸದಾಗಿ ಕಟ್ಟಿದ್ದು. ಆ ವರ್ಷಗಳಲ್ಲಿ ನಮ್ಮ ಗೇರುಸೊಪ್ಪೆಯಿಂದ ರಾಜ್ಯವಾಳುತ್ತಿದ್ದವಳು ಜೈನ ರಾಣಿ ಚೆನ್ನಭೈರಾದೇವಿ. ಹೊನ್ನಾವರ, ಭಟ್ಕಳಗಳ ಮೂಲಕ ಸಾಗುತ್ತಿದ್ದ ಕರಿಮೆಣಸಿನಿಂದಾಗಿ ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ವ್ಯಾಪಾರದ ಜೊತೆಗೆ ಕಲಹವೂ ಇತ್ತು; 1569ರಲ್ಲಿ ಅವರು ಹೊನ್ನಾವರದ ಮೇಲೆ ದಂಡೆತ್ತಿ ಬಂದು ಅದನ್ನು ವಶಪಡಿಸಿಕೊಂಡರು. ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿಯನ್ನು ನೋಡಿದ ಮಕ್ಕಳು ಲಿಸ್ಬನ್ನಿನ ಈ ಮಠಕ್ಕೆ ಬಂದಾಗ, ಶರಾವತಿಯ ದಂಡೆಗೂ ತೇಜೊ ನದಿಯ ದಂಡೆಗೂ ನಡುವೆ ಒಂದು ಕಾಲದಲ್ಲಿ ಮೆಣಸಿನ ಕಾಳಿನ ದಾರಿಯಿತ್ತೆಂದು ಹೇಳಬಹುದು.

ಮಠದ ಪಶ್ಚಿಮ ಭಾಗದಲ್ಲಿರುವ ನೌಕಾ ಸಂಗ್ರಹಾಲಯವು ಮಕ್ಕಳಿಗೆ ಹೇಳಿ ಮಾಡಿಸಿದ ತಾಣ. ಹಳೆಯ ಹಡಗುಗಳ ಮಾದರಿಗಳು, ಭೂಗೋಳಗಳು, ಅರಸರ ಚಿನ್ನದ ಬಣ್ಣದ ದೋಣಿ ಅಲ್ಲಿವೆ. ಹತ್ತಿರದಲ್ಲೇ 1837ರಿಂದ ನಡೆದುಬಂದ ತಿಂಡಿಯ ಅಂಗಡಿಯಿದೆ. ದುಂಡನೆಯ ಸಿಹಿಗಡುಬುಗಳ ಮೇಲೆ ದಾಲ್ಚಿನ್ನಿಯ ಪುಡಿ ಉದುರಿಸಿಕೊಂಡು ತಿನ್ನುವುದು ಅಲ್ಲಿನ ವಾಡಿಕೆ. ಆ ಹೂರಣವನ್ನು ಮೊಟ್ಟೆಯ ಹಳದಿಯಿಂದ ಮಾಡುತ್ತಾರೆಂಬುದನ್ನು ಸಸ್ಯಾಹಾರಿ ಕುಟುಂಬಗಳು ಮೊದಲೇ ತಿಳಿದಿರುವುದು ಒಳ್ಳೆಯದು. ಶರತ್ಕಾಲದಲ್ಲಿ ಬೀದಿಬದಿಯಲ್ಲಿ ಹುರಿದು ಮಾರುವ ಚೆಸ್ಟ್‌ನಟ್ ಕಾಯಿಗಳು ಎಲ್ಲರಿಗೂ ಸಲ್ಲುವ ತಿನಿಸು.

ಶಿಲ್ಪದಲ್ಲಿ ಸ್ಥಾನ ಸಿಗದವರು

ಮಠದ ಎದುರು, ನದಿಯ ದಂಡೆಯ ಮೇಲೆ, ಹಡಗಿನ ಮೂತಿಯ ಆಕಾರದ ಎತ್ತರದ ಸ್ಮಾರಕವಿದೆ. 1940ರಲ್ಲಿ ತಾತ್ಕಾಲಿಕವಾಗಿ ನಿಂತು, 1960ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಿಂದ ಶಾಶ್ವತಗೊಂಡ ಇದರಲ್ಲಿ ನಾವಿಕರು, ಅರಸರು, ಪಾದ್ರಿಗಳು, ಕವಿಗಳು ಸೇರಿ 33 ಮಂದಿಯ ಪ್ರತಿಮೆಗಳಿವೆ. ಅವರಲ್ಲಿ ಹೆಣ್ಣು ಒಬ್ಬಳೇ. ಮುಂದಿನ ನೆಲದ ಮೇಲೆ ಬಣ್ಣದ ಕಲ್ಲುಗಳಿಂದ ರಚಿಸಿದ 50 ಮೀಟರ್ ವ್ಯಾಸದ ದಿಕ್ಸೂಚಿಯೂ ಅದರ ನಡುವೆ ಭೂಪಟವೂ ಇವೆ. ಮಕ್ಕಳು ಅದರ ಮೇಲೆ ಕಾಲಿಟ್ಟು ಲಿಸ್ಬನ್ನಿನಿಂದ ಭಾರತದವರೆಗೆ ಹೆಜ್ಜೆ ಎಣಿಸಬಹುದು. ಹಾಗೆ ಎಣಿಸುವಾಗ ಖಡ್ಗಮೃಗದೊಡನೆ ಬಂದ ಓಸೆಂನ ನೆನಪು ಮಾಡಿಕೊಡಬೇಕು. ನಾಲ್ಕು ತಿಂಗಳ ಸಮುದ್ರಯಾನದಲ್ಲಿ ಆ ಪ್ರಾಣಿಯನ್ನು ಸಾಕಿ ಸಲಹಿದ ಆತನಿಗೆ ಆ 33 ಮಂದಿಯ ಸಾಲಿನಲ್ಲಿ ಜಾಗವಿಲ್ಲ.

ಜಾಗ ಸಿಗದವರು ಇನ್ನೂ ಇದ್ದಾರೆ. ಪ್ರವಾಸಿಗರ ಮೆಚ್ಚಿನ 28ನೆಯ ಸಂಖ್ಯೆಯ ಹಳದಿ ಟ್ರಾಮು ಏರಿ ಊರಿನ ಪಶ್ಚಿಮ ಗುಡ್ಡಗಳ ಕಡೆ ಹೋಗುವಾಗ, ಅದರ ಹಾದಿಗೆ ಸಮೀಪದಲ್ಲೇ ಒಂದು ಬೀದಿಯಿದೆ. ಅದರ ಹೆಸರು ‘ಕರಿಯರ ಬಾವಿಯ ಬೀದಿ’. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಲಿಸ್ಬನ್ನಿನಲ್ಲಿ ಸತ್ತರೆ ಅವರ ಹೆಣಗಳನ್ನು ಸರಿಯಾಗಿ ಹೂಳದೆ ಎಸೆಯುತ್ತಿದ್ದರು. ಅದರಿಂದ ಊರಿಗೆ ರೋಗ ತಗುಲುವುದೆಂಬ ಭಯದಿಂದ, ಆಳವಾದ ಗುಂಡಿಯೊಂದನ್ನು ತೋಡಿ ಹೆಣಗಳನ್ನು ಅದಕ್ಕೆ ಹಾಕಿ ಸುಣ್ಣ ಸುರಿಯಬೇಕೆಂದು ಮನುಯೆಲ್ ಅರಸನು ಆಜ್ಞೆ ಮಾಡಿದನು. ಆ ಆಜ್ಞೆಯ ಕಾಲ 1515ರ ನವೆಂಬರ್. ಮೇ ತಿಂಗಳಲ್ಲಿ ಖಡ್ಗಮೃಗವನ್ನು ಬರಮಾಡಿಕೊಂಡ ಅರಸನೂ, ಡಿಸೆಂಬರಿನಲ್ಲಿ ಅದಕ್ಕೆ ಮಖಮಲ್ಲಿನ ಪಟ್ಟಿ ತೊಡಿಸಿದ ಅರಸನೂ ಇವನೇ. ಪ್ರಾಣಿಯ ಮೇಲಿನ ಕುತೂಹಲ ಕರುಣೆಯಾಗಲಿಲ್ಲ. ಮನುಷ್ಯರ ಮೇಲೆಯೂ ಆಗಲಿಲ್ಲ. ಜೀವವನ್ನು ವಸ್ತುವೆಂದು ಎಣಿಸುವ ಅಭ್ಯಾಸ ಒಮ್ಮೆ ಬಂದರೆ ಅದು ಎರಡು ಕಾಲು, ನಾಲ್ಕು ಕಾಲುಗಳ ಭೇದವನ್ನು ನೋಡುವುದಿಲ್ಲ. ಹಿಂಸೆಯನ್ನು ಇಂದ್ರಿಯಗಳ ಎಣಿಕೆಯಿಂದ ಸೂಕ್ಷ್ಮವಾಗಿ ವಿಂಗಡಿಸಿದ ಜೈನ ಶಾಸ್ತ್ರಕಾರರು ಏಕೇಂದ್ರಿಯ ಜೀವದಿಂದಲೇ ಎಚ್ಚರವನ್ನು ಆರಂಭಿಸಿದ್ದರ ಅರ್ಥ ಇಂತಹ ಬೀದಿಯಲ್ಲಿ ತಿಳಿಯುತ್ತದೆ. ತೀರ ಚಿಕ್ಕವರಿಗೆ ಈ ಕಥೆ ಭಾರವಾದೀತು. ಹನ್ನೆರಡು ದಾಟಿದವರಿಗೆ ಹೇಳದೆ ಬಿಡುವುದು ಸರಿಯಲ್ಲ.

ಕಾಗೆ, ನವಿಲು, ಸೊಲೊಮನ್

ಲಿಸ್ಬನ್ನಿನ ಪ್ರಾಣಿಕಥೆಗಳೆಲ್ಲ ಕಹಿಯಲ್ಲ. ಊರಿನ ಲಾಂಛನದಲ್ಲಿ ಒಂದು ಹಡಗು, ಅದರ ಎರಡು ತುದಿಗಳಲ್ಲಿ ಎರಡು ಕಾಡುಕಾಗೆಗಳು. ಸಂತ ವಿನ್ಸೆಂಟನ ದೇಹವನ್ನು ಬೇರೆ ಮೃಗಪಕ್ಷಿಗಳು ಮುಟ್ಟದಂತೆ ಕಾಗೆಗಳು ಕಾದವೆಂದೂ, 1173ರಲ್ಲಿ ಅವನ ಅವಶೇಷಗಳನ್ನು ಹಡಗಿನಲ್ಲಿ ಲಿಸ್ಬನ್ನಿಗೆ ತಂದಾಗ ಜೊತೆಯಲ್ಲೇ ಬಂದವೆಂದೂ ಐತಿಹ್ಯ. ಬೀದಿದೀಪದ ಕಂಬಗಳಲ್ಲಿ, ಕಲ್ಲುಹಾಸಿನಲ್ಲಿ ಈ ಕಾಗೆಗಳನ್ನು ಎಣಿಸುತ್ತ ಹೋದರೆ ಎಷ್ಟು ದೂರ ನಡೆದರೂ ಮಕ್ಕಳಿಗೆ ದಣಿವು ಕಾಣದು.

ಗುಡ್ಡದ ಮೇಲಿನ ಸಂತ ಜಾರ್ಜನ ಕೋಟೆಯು ಮೂರರ ಅರಬರ ಕಾಲದ್ದು. 1147ರಲ್ಲಿ ಪೋರ್ಚುಗಲ್ಲಿನ ಮೊದಲ ಅರಸ ಅಫೋನ್ಸೊ ಹೆನ್ರೀಕಿಶ್ ಅದನ್ನು ಗೆದ್ದುಕೊಂಡನು. ಅದರ ಬುರುಜುಗಳಿಂದ ಇಡೀ ಊರೂ ನದಿಯೂ ಕಾಣುತ್ತವೆ. ಕೆಳಗಿನ ತೋಟದಲ್ಲಿ ನವಿಲುಗಳು ಸ್ವೇಚ್ಛೆಯಾಗಿ ತಿರುಗಾಡುತ್ತವೆ, ಸಂಜೆ ಮರಗಳ ಮೇಲೆ ಕೂರುತ್ತವೆ. ನವಿಲಿನ ಮೂಲ ನೆಲೆ ಭಾರತ. ದಿಗಂಬರ ಮುನಿಗಳ ಪಿಂಛಕ್ಕೆ ನವಿಲು ತಾನಾಗಿ ಉದುರಿಸಿದ ಗರಿಗಳನ್ನೇ ಆಯ್ದು ತರುತ್ತಾರೆಂದು ತಿಳಿದ ಮಗುವು, ಅಲ್ಲಿ ನೆಲದಲ್ಲಿ ಬಿದ್ದ ಗರಿಯೊಂದನ್ನು ಕಂಡರೆ ಅದರ ಬೆಲೆಯನ್ನು ಬೇರೆಯಾಗಿಯೇ ಅರಿಯುತ್ತದೆ.

ಕೋಟೆಯ ಕೆಳಗೆ, ನದಿಯ ಹತ್ತಿರ, ಮುಂಗೋಡೆಯ ತುಂಬ ವಜ್ರದಂತೆ ಚೂಪಾದ ಕಲ್ಲುಗಳನ್ನು ಕೂಡಿಸಿದ ಮನೆಯೊಂದಿದೆ. 1523ರಲ್ಲಿ ಇದನ್ನು ಕಟ್ಟಿಸಿದವನು ಖಡ್ಗಮೃಗವನ್ನು ಕಳುಹಿಸಿದ ಆಲ್ಬುಕರ್ಕನ ಮಗ ಬ್ರಾಸ್. ಈಗ ಅಲ್ಲಿರುವುದು 1998ರ ನೊಬೆಲ್ ಪುರಸ್ಕೃತ ಕಾದಂಬರಿಕಾರ ಜೋಸೆ ಸಾರಾಮಾಗುವಿನ ಹೆಸರಿನ ಪ್ರತಿಷ್ಠಾನ. ಎದುರಿನ ಆಲಿವ್ ಮರದ ಬುಡದಲ್ಲಿ ಅವನ ಚಿತಾಭಸ್ಮವಿದೆ. ಅವನ ‘ಆನೆಯ ಪಯಣ’ ಎಂಬ ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಮೂರನೆಯ ಜುವಾಂವ್ ಅರಸನು 1551ರಲ್ಲಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ನನಿಗೆ ಕೊಟ್ಟ ಸೊಲೊಮನ್ ಎಂಬ ಭಾರತೀಯ ಆನೆಯು ಲಿಸ್ಬನ್ನಿನಿಂದ ವಿಯೆನ್ನಾವರೆಗೆ ಸಾಗಿದ ಕಥೆಯದು. ಆ ಆನೆಯೂ 1553ರಲ್ಲಿ ವಿಯೆನ್ನಾದಲ್ಲಿ ಸತ್ತಿತು. ಅಪ್ಪನು ಸಾಗಿಸಿದ ಮೃಗ ಸಮುದ್ರದ ಪಾಲಾಯಿತು. ಮಗನ ಮನೆಯಲ್ಲಿ ಇಂದು ಅಂತಹುದೇ ಇನ್ನೊಂದು ಮೃಗದ ನೋವನ್ನು ಬರೆದವನ ಸ್ಮರಣೆ ನಡೆಯುತ್ತಿದೆ.

ನಗರದ ಪೂರ್ವದಲ್ಲಿ, 1998ರ ವಿಶ್ವಮೇಳಕ್ಕಾಗಿ ಕಟ್ಟಿದ ಮತ್ಸ್ಯಾಲಯವಿದೆ. ಗಾಮನ ಯಾನಕ್ಕೆ 500 ವರ್ಷ ತುಂಬಿದ ಆ ವರ್ಷದ ಮೇಳದ ವಿಷಯ ಸಾಗರಗಳ ರಕ್ಷಣೆ. ಸುಮಾರು 50 ಲಕ್ಷ ಲೀಟರ್ ನೀರಿನ ನಡುವಣ ತೊಟ್ಟಿಯಲ್ಲಿ ತಿಮಿಂಗಿಲ ಜಾತಿಯವಲ್ಲದ ಶಾರ್ಕುಗಳು, ತೊರಕೆಗಳು, ನೂರಾರು ಮೀನುಗಳು ತೇಲಾಡುತ್ತವೆ. ಮಕ್ಕಳ ಪಾಲಿಗೆ ಲಿಸ್ಬನ್ನಿನ ದೊಡ್ಡ ಹಬ್ಬ ಇದೇ. ಇಲ್ಲಿ ಯಾವ ಜೀವವನ್ನೂ ಕಾಳಗಕ್ಕೆ ಬಿಡುವುದಿಲ್ಲ. ಸಾಗರವನ್ನು ಉಳಿಸಬೇಕೆಂಬ ಮಾತನ್ನು ಪ್ರತಿ ಗೋಡೆಯೂ ಹೇಳುತ್ತದೆ. 1515ರಿಂದ ಇಲ್ಲಿಗೆ ಬಂದ ದೂರ ದೊಡ್ಡದು. ಆದರೂ ಗಾಜಿನ ಆಚೆಗಿರುವ ಮೀನಿಗೆ ಮನೆಗೆ ಹೋಗಬೇಕೆನಿಸುವುದಿಲ್ಲವೇ ಎಂದು ಮಗು ಕೇಳಬಹುದು. ಖಡ್ಗಮೃಗದ ಕಥೆ ಕೇಳಿ ಬಂದ ಮಗು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಬಾರದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಭೈರಾದೇವಿ ಮಂಟಪದ ಅಧಿಷ್ಠಾನದ ಮೇಲೆ ಜಿರಾಫೆಯೊಂದನ್ನೂ ಚೀನೀ ಮಾದರಿಯ ಘಟಸರ್ಪವನ್ನೂ ಕಡೆದಿದ್ದಾರೆ. ಬಸದಿಯು ಹದಿನೈದನೆಯ ಶತಮಾನದ್ದು. ಗಾಮನ ಹಡಗು ಇನ್ನೂ ಬಂದಿರಲಿಲ್ಲ. ತುಳುನಾಡಿನ ಕಾಡಿನಲ್ಲಿಲ್ಲದ ಆ ಪ್ರಾಣಿಗಳ ರೂಪವು ಕಡಲ ವ್ಯಾಪಾರದ ಜೊತೆಗೇ ಆ ಶಿಲ್ಪಿಯ ಉಳಿಯನ್ನು ತಲುಪಿತು. ದೂರದ ಜೀವವೊಂದನ್ನು ಕಲ್ಲಿನಲ್ಲಿ ಬಿಡಿಸುವ ಆಸೆ ಎರಡೂ ಕರಾವಳಿಗಳಲ್ಲಿತ್ತು. ಲಿಸ್ಬನ್ನಿಗೆ ಹೋಗಿಬಂದ ಮಕ್ಕಳನ್ನು ಒಮ್ಮೆ ಮೂಡುಬಿದಿರೆಗೂ ಕರೆದೊಯ್ದು ಆ ಜಿರಾಫೆಯನ್ನು ಹುಡುಕಿಸಬೇಕು. ಬೆಲೆಂ ಗೋಪುರದ ಬುಡದಲ್ಲಿ ಸವೆದ ಕೊಂಬನ್ನು ಗುರುತಿಸಿದ ಕಣ್ಣಿಗೆ ಅದು ಬೇಗ ಸಿಗುತ್ತದೆ.